ಅರ್ಧ ಸೆಕೆಂಡಿನ ಆಚೆ ನಿಂತವನು

ನೀವು ಟಿವಿಯಲ್ಲಿ ನೋಡಿರ್ತೀರಿ. ನಾನು ಸ್ಟುಡಿಯೋದಲ್ಲಿ ಕೂತು, ‘ಹಾಸನದಿಂದ ನಮ್ಮ ಪ್ರತಿನಿಧಿ ನೇರಸಂಪರ್ಕದಲ್ಲಿದ್ದಾರೆ, ಹೇಳಿ, ಅಲ್ಲಿ ಏನು ನಡೀತಿದೆ?’ ಅಂತ ಕೇಳ್ತೀನಿ. ಆ ಕಡೆ ಮೈಕು ಹಿಡಿದು ನಿಂತ ಹುಡುಗ ಒಂದು ಕ್ಷಣ ಸುಮ್ಮನೆ ತಲೆಯಾಡಿಸ್ತಾ ನಿಲ್ತಾನೆ. ಆಮೇಲೆ ಮಾತು ಶುರು. ಮನೆಯಲ್ಲಿ ಕೂತವರು ನಗ್ತಾರೆ, ‘ಪಾಪ, ಮರೆತುಬಿಟ್ಟ ನೋಡು’ ಅಂತ.

ಅವನು ಮರೆತಿರೋದಿಲ್ಲ. ನನ್ನ ಮಾತು ಇನ್ನೂ ಅವನ ಕಿವಿಗೆ ಬಿದ್ದಿರೋದಿಲ್ಲ, ಅಷ್ಟೇ. ನಮ್ಮ ದೂರಸಂಪರ್ಕ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಮಾತು ಮೇಲೆ ಹೋಗಿ ಕೆಳಗೆ ಇಳಿಯಬೇಕಾದರೆ 72,000 ಕಿಲೋಮೀಟರ್ ದಾರಿ. ಬೆಳಕಿನ ವೇಗದಲ್ಲೇ ಓಡಿದರೂ ಕಾಲು ಸೆಕೆಂಡು ಬೇಕು. ನನ್ನ ಪ್ರಶ್ನೆ ಅವನಿಗೆ, ಅವನ ಉತ್ತರ ನನಗೆ, ಎರಡೂ ಉಪಗ್ರಹದ ಮೂಲಕವೇ ಆದರೆ ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡು ಅವನು ನಿಮ್ಮೆಲ್ಲರ ಮುಂದೆ ಪೆದ್ದನಾಗಿ ನಿಂತಿರುತ್ತಾನೆ.

ಇದರಲ್ಲಿ ತಮಾಷೆ ಏನು ಗೊತ್ತಾ? ಹಾಸನದ ಹುಡುಗನ ಮಾತನ್ನು ಹಾಸನದ ಮನೆಯ ಟಿವಿಗೆ ತಲುಪಿಸೋ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಹತೋಟಿಯಲ್ಲಿ ಇಟ್ಟುಕೊಂಡಿರೋದೂ ಅದೇ ಹಾಸನ. ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಇವತ್ತು ನಾನು ಹೇಳೋದು ಆ ಉಪಗ್ರಹಗಳ ಕಥೆಯನ್ನಲ್ಲ. ಆ ಊರಲ್ಲಿ, ಆ ಜಿಲ್ಲೆಯಲ್ಲಿ, ಇಂಥ ಸುದ್ದಿ ಬರೆಯೋಕೆ ಹೊರಟವರ ಕಥೆ. ಸಂಬಳವಿಲ್ಲದ, ಕಚೇರಿಯಿಲ್ಲದ, ಬಿಡಿ ಸುದ್ದಿಗಾರರ ಕಥೆ.

ಮೊದಲು 1982ಕ್ಕೆ ಹೋಗೋಣ. ಆ ವರ್ಷ ಏಪ್ರಿಲ್ 10ಕ್ಕೆ ಅಮೆರಿಕದಿಂದ ಇನ್ಸಾಟ್-1ಎ ಹಾರಿತು. ಅದನ್ನು ನೋಡಿಕೊಳ್ಳೋಕೆಂದೇ ಹಾಸನದಲ್ಲಿ ಎಂಸಿಎಫ್ ಶುರುವಾಯಿತು. ಆಲೂಗಡ್ಡೆ ಮಂಡಿ, ಕಾಫಿ ಲಾರಿ, 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು. ಇಷ್ಟರಿಂದ ಹೆಸರಾಗಿದ್ದ ಊರು ರಾತ್ರೋರಾತ್ರಿ ಆಕಾಶದ ಜೊತೆ ಮಾತಾಡತೊಡಗಿತು. ಅದೇ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಮತ್ತು ಬಣ್ಣದ ಪ್ರಸಾರ ಆರಂಭವಾದದ್ದು. ಅದಕ್ಕೆ ಹೆಗಲು ಕೊಟ್ಟದ್ದು ಇದೇ ಉಪಗ್ರಹ.

ಆದರೆ ಮೂರೇ ವಾರ. ಸೆಪ್ಟೆಂಬರ್ 6ಕ್ಕೆ ಇನ್ಸಾಟ್-1ಎ ಕಥೆ ಮುಗಿಯಿತು. ಭೂಮಿಯನ್ನು ನೋಡುತ್ತಾ ನೆಟ್ಟಗೆ ನಿಲ್ಲಬೇಕಾದ ಉಪಗ್ರಹದ ಕಣ್ಣಿಗೆ ಚಂದ್ರ ಅಡ್ಡ ಬಂದ. ಅದು ಭೂಮಿಯ ಗುರುತು ತಪ್ಪಿಸಿಕೊಂಡಿತು. ದಿಕ್ಕು ಸರಿಮಾಡಿಕೊಳ್ಳುವ ಇಂಧನವೆಲ್ಲ ಖರ್ಚಾಗಿ ಕೈಬಿಡಬೇಕಾಯಿತು. ಏಳು ವರ್ಷ ಬಾಳಬೇಕಿದ್ದದ್ದು ಐದೇ ತಿಂಗಳಿಗೆ ಹೋಯಿತು.

ನಮ್ಮ ಚಿಕ್ಕಪ್ಪ ಆಗ ಹೊಳೆನರಸೀಪುರದಲ್ಲಿ ಒಂದು ಪತ್ರಿಕೆಗೆ ಬಿಡಿ ಸುದ್ದಿಗಾರ. ಹೊಟ್ಟೆಪಾಡಿಗೆ ಪುಸ್ತಕ-ಪೆನ್ಸಿಲ್ಲಿನ ಅಂಗಡಿ, ಮರ್ಯಾದೆಗೆ ಪತ್ರಿಕೆ. ಅವರ ವಾರ ಹೇಗಿತ್ತು ಅಂತ ನನಗೆ ಚೆನ್ನಾಗಿ ಗೊತ್ತು, ಯಾಕಂದರೆ ಕವರ್ ಹಿಡಿದು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದ ಹುಡುಗ ನಾನೇ.

ಸೋಮವಾರ ತಾಲ್ಲೂಕು ಕಚೇರಿ ಮತ್ತು ಪೊಲೀಸ್ ಠಾಣೆ. ಮಂಗಳವಾರ ಆಸ್ಪತ್ರೆ, ಕೋರ್ಟು. ಬುಧವಾರ ಹೇಮಾವತಿ ನಾಲೆ, ಅಂದರೆ ನೀರು ಬಂತಾ, ಬರಲಿಲ್ಲವಾ. ಗುರುವಾರ ಸಭೆ-ಸಮಾರಂಭ. ಶುಕ್ರವಾರ, ಶನಿವಾರ ಬರೆಯೋದು. ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ ನ್ಯೂಸ್‌ಪ್ರಿಂಟ್ ಪ್ಯಾಡಿನ ಮೇಲೆ ಒಂದು ಮಗ್ಗುಲಲ್ಲಿ ಮಾತ್ರ, ಸಾಲಿನ ಮಧ್ಯೆ ಜಾಗ ಬಿಟ್ಟು ಬರೀಬೇಕು. ಕವರಿನ ಮೇಲೆ ದಪ್ಪಕ್ಷರದಲ್ಲಿ ‘ಪ್ರೆಸ್ – ಅರ್ಜೆಂಟ್’. ಬೆಳಗಿನ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ‘ಅಣ್ಣಾ, ತಲುಪಿಸಿಬಿಡಿ’ ಅಂತ ನಾನು ಬೇಡಿಕೊಳ್ಳಬೇಕು. ಚನ್ನರಾಯಪಟ್ಟಣದವರಿಗೆ ಹೆದ್ದಾರಿ ಇತ್ತು, ಗಂಟೆಗೆ ನಾಲ್ಕು ಬಸ್ಸು. ನಮಗೆ ಬಸ್ಸಿನ ಜೊತೆ ಮೈಸೂರು–ಅರಸೀಕೆರೆ ರೈಲೂ ಇತ್ತು. ಅರಕಲಗೂಡಿನವರ ಪಾಡು ಕಷ್ಟ. ರೈಲಿಲ್ಲ, ಹೆದ್ದಾರಿ ಇಲ್ಲ. ಅಲ್ಲಿನ ಸುದ್ದಿ ಒಂದು ದಿನ ತಡವಾಗಿಯೇ ಅಚ್ಚಾಗೋದು.

ತಿಂಗಳ ಕೊನೆಗೆ ಇನ್ನೊಂದು ಕೆಲಸ. ಅಚ್ಚಾದ ತಮ್ಮ ಸುದ್ದಿಗಳನ್ನು ಕತ್ತರಿಸಿ ಹಳೇ ನೋಟ್‌ಬುಕ್ಕಿಗೆ ಅಂಟಿಸೋದು, ಮರದ ಸ್ಕೇಲಿನಲ್ಲಿ ಅಳೆಯೋದು. ಇಷ್ಟು ಕಾಲಂ, ಇಷ್ಟು ಸೆಂಟಿಮೀಟರ್. ಅಷ್ಟಕ್ಕೆ ದುಡ್ಡು. ಬಟ್ಟೆ ಅಂಗಡಿಯಲ್ಲಿ ಮೀಟರ್ ಅಳೆದ ಹಾಗೆ. ಓಡಾಡಿದ್ದಕ್ಕೆ, ಕಾದದ್ದಕ್ಕೆ, ಅಚ್ಚಾಗದ ಸುದ್ದಿಗೆ ಕಾಸಿಲ್ಲ.

ಆ ಸೆಪ್ಟೆಂಬರಿನಲ್ಲಿ ನಾನು ಹುಡುಗುಬುದ್ಧಿಯಿಂದ ಕೇಳಿದೆ: ‘ಚಿಕ್ಕಪ್ಪ, ಉಪಗ್ರಹ ಕೆಟ್ಟೋಯ್ತಂತೆ. ಹಾಸನ ಮೂವತ್ತು ಚಿಲ್ಲರೆ ಕಿಲೋಮೀಟರ್. ನೀವು ಹೋಗಿ ಬರೀಬಾರದಾ?’

ಅವರು ಸ್ಕೇಲನ್ನು ಕೆಳಗಿಟ್ಟು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: ‘ಹೋಗಿ ಏನು ಕೇಳಲಿ ಕಣೋ? ಕೇಳೋಕೂ ಗೊತ್ತಿರಬೇಕಲ್ಲ.’

ನೋಡಿ, ಇಷ್ಟೇ ವಿಷಯ. ತಂತ್ರಜ್ಞಾನದ ವರದಿಗಾರಿಕೆ ಅಂದರೆ ಇದೇ. ಉತ್ತರ ಬರೆದುಕೊಳ್ಳೋಕೆ ಯಾರು ಬೇಕಾದರೂ ಸಿಗ್ತಾರೆ. ಪ್ರಶ್ನೆ ಗೊತ್ತಿರೋನು ಸಿಗೋದು ಕಷ್ಟ. ಮರುವರ್ಷ, 1983ರ ಆಗಸ್ಟ್ ಕೊನೆಗೆ, ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಹೋಯಿತು. ಅದರ ಸೌರಫಲಕ ಬಿಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತು. ಎಂಜಿನಿಯರುಗಳು ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದನ್ನು ಬಿಡಿಸಿದರು, ಅಕ್ಟೋಬರಿನಲ್ಲಿ ಅದು ಸೇವೆಗೆ ಸಿಕ್ಕಿತು. ಊರೂರಿಗೆ ಟಿವಿ ಟ್ರಾನ್ಸ್‌ಮಿಟರ್ ಬಂದದ್ದು ಅದರ ಬಲದಿಂದಲೇ. ನಮ್ಮ ಜಿಲ್ಲೆಯ ನೆಲದಿಂದ ನಡೆದ ಎರಡು ವಾರದ ಆ ಪರದಾಟ ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ ಒಂದು ಸೆಂಟಿಮೀಟರ್ ಕೂಡ ಇಲ್ಲ.

ಕನ್ನಡಕ್ಕೆ ಈ ವಿದ್ಯೆ ಹೊಸದೇನಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ ‘ವಿಜ್ಞಾನ’ ಅನ್ನೋ ಮಾಸಪತ್ರಿಕೆ ತಂದರು. ಎರಡೇ ವರ್ಷ ನಡೆಯಿತು, ಆದರೆ ದಾರಿ ಬಿತ್ತು. 1978ರಲ್ಲಿ ‘ಬಾಲವಿಜ್ಞಾನ’ ಬಂತು. ಆಮೇಲೆ ನಾಗೇಶ ಹೆಗಡೆ ಅವರಂಥವರು ದಿನಪತ್ರಿಕೆಯ ಓದುಗನಿಗೆ ವಿಜ್ಞಾನವನ್ನು ಅವನದೇ ಮಾತಲ್ಲಿ ಹೇಳಿದರು. ಕಂಪ್ಯೂಟರು, ಮೊಬೈಲುಗಳ ಕಾಲಕ್ಕೆ ಯು.ಬಿ. ಪವನಜ, ಟಿ.ಜಿ. ಶ್ರೀನಿಧಿ ಅವರಂಥವರು ಬಂದರು. ನಮ್ಮ ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರನ್ನೂ ನಾನು ಈ ಸಾಲಿಗೇ ಸೇರಿಸ್ತೀನಿ. ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯ ಕಣ್ಣಿಟ್ಟುಕೊಂಡು ಅಮೆರಿಕ ನೋಡಿ, ಅದನ್ನು ಹಳ್ಳಿಯವನಿಗೆ ಅರ್ಥವಾಗೋ ಹಾಗೆ ಹೇಳೋದು ಇದೆಯಲ್ಲ, ತಂತ್ರಜ್ಞಾನ ಬರೆಯೋರಿಗೆ ಅದಕ್ಕಿಂತ ಒಳ್ಳೆ ಪಾಠ ಬೇಕಾ?

ತಾಲ್ಲೂಕಿನ ಸುದ್ದಿಗಾರ ತನಗೇ ಗೊತ್ತಿಲ್ಲದ ಹಾಗೆ ತಂತ್ರಜ್ಞಾನದ ವರದಿಗಾರನಾದದ್ದು ಯಾವಾಗ? ನನ್ನ ಲೆಕ್ಕದಲ್ಲಿ ‘ಭೂಮಿ’ ಬಂದಾಗ. 2001-02ರ ಸುಮಾರಿಗೆ ರಾಜ್ಯದ ಅಂದಿನ 177 ತಾಲ್ಲೂಕುಗಳಲ್ಲಿ ಪಹಣಿ ಕಂಪ್ಯೂಟರಿಗೆ ಹೋಯಿತು. ಸುಮಾರು ಎರಡು ಕೋಟಿ ದಾಖಲೆ. ಅದುವರೆಗೆ ಶಾನುಭೋಗರ, ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ರೈತನ ಜಮೀನು 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಅಚ್ಚಾಗಿ ಬರತೊಡಗಿತು. ಒಳ್ಳೇದಾಯ್ತು. ಆದರೆ ತಪ್ಪೂ ಅಚ್ಚಾಗಿ ಬಂತು. ಅಪ್ಪನ ಹೆಸರಿನಲ್ಲಿ ಒಂದಕ್ಷರ ಹೆಚ್ಚು, ಸರ್ವೆ ನಂಬರಿನ ಹಿಸ್ಸಾ ಅದಲುಬದಲು. ‘ಕಂಪ್ಯೂಟರ್ ಹೀಗೇ ಹೇಳ್ತಿದೆ’ ಅಂದರೆ ಮುಗೀತು. ಬ್ಯಾಂಕಿನಲ್ಲಿ ಸಾಲ ಹುಟ್ಟೋದಿಲ್ಲ. ಆ ಸಾಲಿನಲ್ಲಿ ನಿಂತ ರೈತನ ಸುದ್ದಿ ಬರೀಬೇಕಾದವನಿಗೆ ಬರೀ ‘ಜನರ ಪರದಾಟ’ ಅಂತ ಬರೆದರೆ ಸಾಲದು. ತಪ್ಪು ಯಂತ್ರದ್ದಾ, ಟೈಪು ಮಾಡಿದವರದ್ದಾ, ಹಳೇ ಪುಸ್ತಕದ್ದೇನಾ? ಇದು ಗೊತ್ತಾಗಬೇಕು. ಚಿಕ್ಕಪ್ಪನ ಮಾತೇ ಮತ್ತೆ ಬಂತು: ಕೇಳೋಕೂ ಗೊತ್ತಿರಬೇಕು.

ಅಷ್ಟೊತ್ತಿಗೆ ಸುದ್ದಿಗಾರನ ಕೈಯಲ್ಲಿದ್ದ ಸಾಮಾನೂ ಬದಲಾಗಿತ್ತು. ಎಸ್‌ಟಿಡಿ ಬೂತು ಬಂತು, ಫ್ಯಾಕ್ಸ್ ಬಂತು. 1996ರ ಜೂನ್ 1ರಂದು ಹೊಳೆನರಸೀಪುರದ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾದ ದಿನ ನಮ್ಮೂರ ಎಸ್‌ಟಿಡಿ ಬೂತಿನ ಮುಂದೆ ಸರತಿ ಸಾಲು ಇತ್ತು ಅಂತ ಚಿಕ್ಕಪ್ಪ ಸಾಯೋವರೆಗೂ ಹೇಳ್ತಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಹಿಂದೆಯೇ ‘ನುಡಿ’. ಸೈಬರ್ ಸೆಂಟರಿನಲ್ಲಿ ಕೂತು ಕನ್ನಡ ಟೈಪು ಮಾಡಿ ಇಮೇಲ್ ಕಳಿಸೋದು ಶುರುವಾಯಿತು. ಕಂಡಕ್ಟರ್ ಅಣ್ಣನ ಕಾಲ ಮುಗೀತು. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಸಾಮಾನು ಇಷ್ಟೆಲ್ಲ ಬದಲಾಯಿತಲ್ಲ, ಸ್ಕೇಲು ಬದಲಾಯಿತಾ? ಇಲ್ಲ. ಅಚ್ಚಾದಷ್ಟಕ್ಕೇ ಕಾಸು.

ಈಗ ಇವತ್ತಿನವನ ಬಗ್ಗೆ ಹೇಳ್ತೀನಿ. ಹಾಸನದಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ವಯಸ್ಸಿನಲ್ಲಿ ಚಿಕ್ಕವನು, ನನ್ನನ್ನು ‘ಅಣ್ಣ’ ಅಂತಾನೆ. ಹೆಸರು ಬೇಡ, ಅವನಿಗೂ ಇಷ್ಟವಿಲ್ಲ. ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಕೆಲಸ ಬಿಟ್ಟು, ಊರಿಗೆ ಬಂದು ತಂತ್ರಜ್ಞಾನ ಬರೀತಾನೆ. ಯಾವ ಪತ್ರಿಕೆಯ ನೌಕರನೂ ಅಲ್ಲ. ಎಲ್ಲರಿಗೂ ಬರೀತಾನೆ, ಯಾರಿಗೂ ಸೇರಿದವನಲ್ಲ.

ಅವನ ವಾರ ಕೇಳಿ. ಸೋಮವಾರ ಬೆಳಗ್ಗೆ ಐದಾರು ಸಂಪಾದಕರಿಗೆ ‘ಈ ವಾರ ಇದು ಬರೀಲಾ ಸಾರ್?’ ಅಂತ ಮೆಸೇಜು. ನೀಲಿ ಗೀಟು ಬೀಳುತ್ತೆ, ಉತ್ತರ ಬರೋದಿಲ್ಲ. ಮಂಗಳವಾರ ಹೊಸ ಮೊಬೈಲಿನ ವಿಮರ್ಶೆ. ಕಂಪನಿಯವರು ಪೆಟ್ಟಿಗೆ ಕಳಿಸ್ತಾರೆ, ಹತ್ತು ದಿನ ಇಟ್ಟುಕೊಂಡು ನೋಡಿ ವಾಪಸ್ ಕಳಿಸಬೇಕು. ಹೊಗಳಿದರೆ ಮುಂದಿನ ಪೆಟ್ಟಿಗೆ ಬೇಗ ಬರುತ್ತೆ, ತೆಗಳಿದರೆ ಕೊರಿಯರ್ ದಾರಿ ತಪ್ಪುತ್ತೆ. ‘ಇದೇ ನನ್ನ ಸಂಬಳದ ಭಾಗ ಅಣ್ಣ, ಇದರಲ್ಲೇ ನನ್ನ ನಾಲಿಗೆಯ ಪರೀಕ್ಷೆ’ ಅಂತ ನಗ್ತಾನೆ.

ಬುಧವಾರ ಬೈಕಿನಲ್ಲಿ ಅರಕಲಗೂಡು ಕಡೆ. ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಹರಾಜು ಈಗ ಎಲೆಕ್ಟ್ರಾನಿಕ್. ಮೊದಲು ಕೂಗು ಕೇಳಿ ಬೆಲೆ ತಿಳೀತಿದ್ದ ರೈತ ಈಗ ಅಂಕಿ ನೋಡಿ ತಿಳೀಬೇಕು. ಅದು ಅವನಿಗೆ ಒಳ್ಳೇದಾಯ್ತಾ, ಇಲ್ಲವಾ? ಗುರುವಾರ ಚನ್ನರಾಯಪಟ್ಟಣ. ಅಲ್ಲಿ ತೆಂಗು, ಕೊಬ್ಬರಿ. 2024ರಲ್ಲಿ ಕೊಬ್ಬರಿ ಖರೀದಿಯ ನೋಂದಣಿಯನ್ನು ಒಂದು ಸಲ ಮಾಡಿ, ರದ್ದು ಮಾಡಿ, ಮತ್ತೆ ಬೆರಳಚ್ಚು ಕೊಡಿ ಅಂದಾಗ ರೈತರು ಸಾಲು ನಿಂತರಲ್ಲ, ನಾವು ಟಿವಿಯವರು ಸಾಲು ತೋರಿಸಿದೆವು. ಇವನು ಕೇಳಿದ್ದು ಬೇರೆ. ಎಪ್ಪತ್ತು ವರ್ಷ ಮಣ್ಣಿನಲ್ಲಿ ದುಡಿದು ಬೆರಳಿನ ಗೆರೆಯೇ ಸವೆದುಹೋದ ಮುದುಕನ ಬೆರಳನ್ನು ಯಂತ್ರ ಒಪ್ಪದಿದ್ದರೆ ಅವನ ಕೊಬ್ಬರಿ ಯಾರು ಕೊಳ್ತಾರೆ? ಇದು ಪ್ರಶ್ನೆ.

ಶುಕ್ರವಾರ ಹೊಳೆನರಸೀಪುರ, ಇಲ್ಲವೇ ಆನೆ ಕಾಟದ ಆಲೂರು, ಸಕಲೇಶಪುರ. ಆನೆಯ ಕೊರಳಿಗೆ ರೇಡಿಯೋ ಕಾಲರ್ ಹಾಕ್ತಾರೆ. ಆನೆ ಎಲ್ಲಿದೆ ಅಂತ ತಿಳಿದರೂ, ಬೆಳಗ್ಗೆ ತೋಟಕ್ಕೆ ಹೋಗೋ ಕೂಲಿ ಹೆಂಗಸಿಗೆ ಆ ಮಾಹಿತಿ ಹೊತ್ತಿಗೆ ಸರಿಯಾಗಿ ತಲುಪುತ್ತಾ? ಅವಳ ಕೈಯಲ್ಲಿ ಎಂಥ ಫೋನಿದೆ? ತೋಟದಲ್ಲಿ ಸಿಗ್ನಲ್ ಇದೆಯಾ? ಇದೊಂದು ಮಾತಿನ ಮೇಲೆ ಒಂದು ಜೀವ ನಿಂತಿರುತ್ತೆ. ಶನಿವಾರ ಬರೆಯೋದು. ಭಾನುವಾರ ಲೆಕ್ಕ, ಅಂದರೆ ಯಾವ ಲೇಖನಕ್ಕೆ ಯಾರು ಇನ್ನೂ ದುಡ್ಡು ಕೊಟ್ಟಿಲ್ಲ ಅನ್ನೋ ಪಟ್ಟಿ. ಚಿಕ್ಕಪ್ಪನ ನೋಟ್‌ಬುಕ್ಕು ಈಗ ಲ್ಯಾಪ್‌ಟಾಪಿನಲ್ಲಿದೆ. ಮೊಬೈಲ್ ವಿಮರ್ಶೆಗೆ ದುಡ್ಡು ಬೇಗ ಬರುತ್ತೆ. ಬೆರಳಚ್ಚಿನ ಸುದ್ದಿಗೆ, ಆನೆ ಸುದ್ದಿಗೆ ತಡ. ಕೆಲವಕ್ಕೆ ಬರೋದೇ ಇಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ. ಇದನ್ನು ಹೇಳದೆ ಮೇಲಿನದ್ದೆಲ್ಲ ಹೇಳಿದರೆ ಅದು ಉಪದೇಶ ಆಗುತ್ತೆ.

2018ರ ಮಾರ್ಚ್ 29, ಗುರುವಾರ. ಶ್ರೀಹರಿಕೋಟಾದಿಂದ ಜಿಸ್ಯಾಟ್-6ಎ ಹಾರಿತು. ರಾಕೆಟ್ ಕೆಲಸ ಸರಿಯಾಗಿಯೇ ಆಯಿತು. ಅಲ್ಲಿಂದ ಮುಂದೆ ಉಪಗ್ರಹವನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಿನ ಕಕ್ಷೆಗೆ ಏರಿಸೋದು ಹಾಸನದ ಕೆಲಸ. ಎರಡು ಮೆಟ್ಟಿಲು ಏರಿತು. ಮೂರನೆಯದು, ಕೊನೆಯದು, ಏಪ್ರಿಲ್ 1ಕ್ಕೆ. ಅದಕ್ಕೆ ಮೊದಲೇ ಉಪಗ್ರಹ ಮಾತು ನಿಲ್ಲಿಸಿತು. ಭಾನುವಾರ ಇಸ್ರೋ ಅದನ್ನು ಪ್ರಕಟಿಸಿತು.

ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ತೆರೆಯ ಮೇಲೆ ಹೋದ ದಪ್ಪಕ್ಷರ: ‘ಉಪಗ್ರಹ ಪತನ?’ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ನಮ್ಮ ಕಸುಬಿನ ದೊಡ್ಡ ಚಾಳಿ ಅದು. ಗೊತ್ತಿಲ್ಲದ್ದನ್ನು ಹೇಳಿ, ಕೊನೆಗೊಂದು ಕೊಕ್ಕೆ ಹಾಕಿಬಿಡೋದು. ಓದಿದವನು ನಾನೇ.

ಐದು ನಿಮಿಷಕ್ಕೆ ಹಾಸನದಿಂದ ಫೋನು. ‘ಅಣ್ಣಾ, ಬಿದ್ದಿಲ್ಲ ಕಣಣ್ಣ. ಅದು ಅಲ್ಲೇ ಕಕ್ಷೇಲಿ ಸುತ್ತುತಾ ಇದೆ. ಸಂಪರ್ಕ ಕಡಿದಿದೆ, ಅಷ್ಟೇ. ಮತ್ತೆ ಸಿಗಬಹುದಾ ಅಂತ ಪ್ರಯತ್ನ ಪಡ್ತಾರೆ. ಬಿದ್ದೋಯ್ತು ಅನ್ನೋದಕ್ಕೂ ಮಾತು ನಿಂತೋಯ್ತು ಅನ್ನೋದಕ್ಕೂ ವ್ಯತ್ಯಾಸ ಇಲ್ವಾ? ಒಳಗೆ ನಿದ್ದೆಗೆಟ್ಟು ಕೂತಿರೋರ ಮನೆಯವರೂ ಟಿವಿ ನೋಡ್ತಾರೆ.’

ನಾನು ಏನಂದೆ ಗೊತ್ತಾ? ‘ಬ್ರೇಕ್ ಆದ ಮೇಲೆ ನೋಡ್ತೀನಿ’ ಅಂದೆ. ಬ್ರೇಕ್ ಆಯಿತು. ಬೇರೆ ಸುದ್ದಿ ಬಂತು. ಆ ಪ್ರಶ್ನಾರ್ಥಕ ಚಿಹ್ನೆ ರಾತ್ರಿವರೆಗೂ ಓಡುತ್ತಲೇ ಇತ್ತು.

1982ರಲ್ಲಿ ಹಾಸನ ಜಿಲ್ಲೆಯ ಸುದ್ದಿಗಾರನಿಗೆ ಏನು ಕೇಳಬೇಕು ಅಂತ ಗೊತ್ತಿರಲಿಲ್ಲ. 36 ವರ್ಷ ಕಳೆದ ಮೇಲೆ ಅದೇ ಜಿಲ್ಲೆಯಲ್ಲಿ ಗೊತ್ತಿದ್ದವನೊಬ್ಬ ಬಂದಿದ್ದ, ತಾನಾಗೇ ಫೋನು ಮಾಡಿದ್ದ. ಕೇಳಿಸಿಕೊಳ್ಳಬೇಕಾದವನಿಗೆ ಪುರುಸೊತ್ತಿರಲಿಲ್ಲ. ಚಿಕ್ಕಪ್ಪನ ಕೊರತೆಗೆ ಕ್ಷಮೆ ಇದೆ. ನನ್ನದಕ್ಕೆ ಇಲ್ಲ.

ಆ ಫೋನಿಗೆ ಅವನಿಗೆ ಒಂದು ರೂಪಾಯಿ ಸಿಗಲಿಲ್ಲ. ಯಾಕಂದರೆ ತಪ್ಪು ಹೇಳಬೇಡಿ ಅಂದದ್ದು ಯಾವ ಕಾಲಮ್ಮಿನಲ್ಲೂ ಅಚ್ಚಾಗೋದಿಲ್ಲ, ಯಾವ ಸ್ಕೇಲಿಗೂ ಸಿಗೋದಿಲ್ಲ. ನಮ್ಮ ದೇಶದಲ್ಲಿ ಕಾರ್ಯನಿರತ ಪತ್ರಕರ್ತರಿಗೆ ಅಂತ 1955ರಲ್ಲೇ ಕಾನೂನು ಬಂತು. ಅದರ ಪ್ರಕಾರ ಪತ್ರಿಕೋದ್ಯಮವೇ ಪ್ರಧಾನ ಕಸುಬಾಗಿರಬೇಕಿತ್ತು, ಸಂಸ್ಥೆಯಲ್ಲಿ ಉದ್ಯೋಗ ಇರಬೇಕಿತ್ತು. ಅಂಗಡಿ ಇಟ್ಟುಕೊಂಡಿದ್ದ ಚಿಕ್ಕಪ್ಪ ಮೊದಲ ಮಾತಿಗೇ ಹೊರಗೆ. ಕಸುಬು ಇದೊಂದೇ ಆದರೂ ಯಾವ ಸಂಸ್ಥೆಯ ನೌಕರನೂ ಅಲ್ಲದ ನನ್ನ ಗೆಳೆಯ ಎರಡನೇ ಮಾತಿಗೆ ಹೊರಗೆ. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ನಿಮಗೆ ಸುದ್ದಿ ಕೊಡೋ ಬಹಳಷ್ಟು ಜನ ಹೀಗೆ ಬಾಗಿಲ ಹೊರಗೇ ನಿಂತವರು.

ಮೊನ್ನೆ ಅವನನ್ನು ಕೇಳಿದೆ: ‘ಬಿಟ್ಟುಬಿಡಬೇಕು ಅನ್ನಿಸಲ್ವೇನಪ್ಪ?’

‘ಪ್ರತಿ ಭಾನುವಾರ ಅನ್ನಿಸುತ್ತೆ ಅಣ್ಣ’ ಅಂದ. ‘ಸೋಮವಾರ ಯಾರಾದರೂ ಫೋನ್ ಮಾಡ್ತಾರೆ. ನಮ್ಮ ಅಪ್ಪನ ಪಿಂಚಣಿ ನಿಂತಿದೆ, ಆಧಾರ್ ಹೊಂದ್ತಿಲ್ಲ ಅಂತಾರೆ, ಏನು ಮಾಡೋದು ಅಂತ. ಹೇಳ್ತೀನಿ. ಅದೇ ಆ ವಾರದ ಸುದ್ದಿ ಆಗುತ್ತೆ.’

ವೀಕ್ಷಕರೇ, ಇನ್ನು ಮೇಲೆ ನೇರಪ್ರಸಾರದಲ್ಲಿ ಆ ಹುಡುಗ ಅರ್ಧ ಸೆಕೆಂಡು ಸುಮ್ಮನೆ ನಿಂತರೆ ನಗಬೇಡಿ. ಅವನು ಕಾಯ್ತಾ ಇದ್ದಾನೆ. ಅವನ ಮಾತು ಆಕಾಶಕ್ಕೆ ಹೋಗಿ ನಿಮ್ಮ ಮನೆಗೆ ಬರೋದಕ್ಕೆ ಕಾಲು ಸೆಕೆಂಡು ಸಾಕು. ಸ್ಟುಡಿಯೋದಲ್ಲಿ ಕೂತ ನನ್ನಂಥವನ ಕಿವಿಗೆ ಹೋಗೋದಕ್ಕೇ ವರ್ಷಗಳು ಹಿಡಿದವು. ಆ ಭಾನುವಾರದ ತಪ್ಪನ್ನು ಇವತ್ತು, ನಿಮ್ಮ ಮುಂದೆ ತಿದ್ದಿಕೊಳ್ತಿದ್ದೀನಿ: ಆ ಉಪಗ್ರಹ ಬಿದ್ದಿರಲಿಲ್ಲ. ಹೇಳಿದವನು ಹಾಸನದ ಒಬ್ಬ ಬಿಡಿ ಸುದ್ದಿಗಾರ. ಅವನು ಸರಿಯಾಗಿ ಹೇಳಿದ್ದ.